ಹೊಟ್ಟೆ ನೋಯುತ್ತಂತೆ

ಮಗುವಿಗೆ ಏನೂ ಆಗಿರಲಿಲ್ಲ. ಕಿವಿ ಸರಿಯಿತ್ತು, ನಾಲಿಗೆ ಸರಿಯಿತ್ತು, ತಲೆಯೂ ಸರಿಯಿತ್ತು. ಕೆಟ್ಟಿದ್ದವರು ನಾನು ಮತ್ತು ನನ್ನ ಸೊಸೆ. ಅದರಲ್ಲೂ ನಾನು ಒಂದು ಪಾವು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನಮ್ಮ ಗುಬ್ಬಿ ಕಡೆಯ ನೆಂಟರು ಈಗಲೂ ‘ಆ ಮಗೀಗೆ ಬಜೆ ತೇಯ್ದು ನೆಕ್ಕಿಸಿದ ಮೇಲೆ ಮಾತು ನೆಟ್ಟಗಾಯ್ತು’ ಎಂದು ಹೇಳಿಕೊಂಡು ತಿರುಗುತ್ತಾರೆ. ಸೊಸೆಯ ಕುಣಿಗಲ್ ಕಡೆಯವರು ‘ನಾವು ಕಟ್ಟಿಸಿದ ತಾಯತದಿಂದ’ ಎನ್ನುತ್ತಾರೆ. ಎರಡೂ ಸುಳ್ಳು.

ಇದನ್ನೆಲ್ಲ ಈಗ ಯಾಕೆ ಎತ್ತಿದೆನೆಂದರೆ, ಹೋದ ವಾರ ಸೊಸೆ ಮಂಜುಳ ಸಜ್ಜೆಯ ಮೇಲಿನ ಹಳೇ ಸಾಮಾನು ಇಳಿಸುತ್ತಿದ್ದಳು. ತೂತು ಬಿದ್ದ ಜರಡಿ, ಹಿಡಿಯಿಲ್ಲದ ಕುಕ್ಕರ್, ಯಾರದೋ ಮದುವೆಯಲ್ಲಿ ಕೊಟ್ಟು ಯಾರೂ ಮುಟ್ಟದ ಪ್ಲಾಸ್ಟಿಕ್ ಹೂದಾನಿ. ಅವುಗಳ ಅಡಿಯಲ್ಲಿ ನನ್ನ ತುರಿಯೋ ಮಣೆ. ಹಲಸಿನ ಮರದ್ದು. ಈಳಿಗೆ ಮಡಚಿ ಒಳಗೆ ಮಲಗಿಸಬಹುದು, ಬಿಡಿಸಿದರೆ ತುದಿಯಲ್ಲಿ ಕಾಯಿ ತುರಿಯುವ ಹಲ್ಲು. ನನ್ನ ಮದುವೆಯಲ್ಲಿ ನನ್ನವ್ವ ಕೊಟ್ಟಿದ್ದು. ಅದರ ಮೇಲೆ ನಾನು ಕೂತಷ್ಟು ಹೊತ್ತು ನಮ್ಮ ಯಜಮಾನರ ಪಕ್ಕದಲ್ಲಿ ಕೂತಿಲ್ಲ.

“ಅತ್ತೆ, ಇದರ ಅಡಿಪಟ್ಟಿ ಕಿತ್ತೋಗಿದೆ. ನೀರೊಲೆಗೆ ಹಾಕ್ಲಾ?” ಎಂದಳು.

“ಬೇಕಾದ್ರೆ ನನ್ನ ಹಾಕು. ಅದನ್ನ ಹಾಕ್ಬ್ಯಾಡ” ಎಂದೆ.

ಅವಳು ಮಣೆ ನೋಡಿದಳು, ನನ್ನ ಮುಖ ನೋಡಿದಳು, ನಕ್ಕಳು. ಒರೆಸಿ ಮತ್ತೆ ಸಜ್ಜೆಯ ಮೇಲೆ ಇಟ್ಟಳು. ಇಬ್ಬರಿಗೂ ನೆನಪಾಗಿತ್ತು. ಆ ಮಣೆಯ ಮೇಲೆ ಮೂರು ವರ್ಷ ಕೂತವಳು ನಾನಲ್ಲ, ನನ್ನ ಮೊಮ್ಮಗಳು ಚೈತ್ರ.

ಆಗ ನಾವಿದ್ದದ್ದು ತುಮಕೂರಿನ ಶಿರಾ ಗೇಟ್ ಹಿಂದಿನ ಗಲ್ಲಿಯ ಬಾಡಿಗೆ ಮನೆಯಲ್ಲಿ. ಒಂದು ಹಾಲು, ಒಂದು ರೂಮು, ಒಂದು ಅಡುಗೆಮನೆ, ಹಿತ್ತಿಲಲ್ಲಿ ನಲ್ಲಿ. ನನ್ನ ದೊಡ್ಡ ಮಗ ಲೋಕೇಶ ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಯಜಮಾನರು ಚಿಕ್ಕ ಮಗನ ಜೊತೆ ಚೇಳೂರಿನಲ್ಲಿ ತೋಟ ನೋಡಿಕೊಂಡಿದ್ದರು. ಲೋಕೇಶನ ಮಗು ಕುಣಿಗಲ್‌ನಿಂದ ತೊಟ್ಟಿಲ ಸಮೇತ ಬಂದಾಗ, ಹದಿನೈದು ದಿನ ಇದ್ದು ಹೋಗೋಣ ಎಂದು ಒಂದು ಚೀಲ ಕಾಯಿ, ಈ ಮಣೆ ಹಿಡಿದು ನಾನೂ ಬಂದೆ. ಆ ಹದಿನೈದು ದಿನ ಇನ್ನೂ ಮುಗಿದಿಲ್ಲ.

ಎರಡು ವರ್ಷ ಚೆನ್ನಾಗೇ ಇದ್ದೆವು. ಚೆನ್ನಾಗಿ ಅಂದರೆ ದಿನಕ್ಕೆ ಒಂದೇ ಜಗಳ. ಕಾಯಿ ವಿಚಾರಕ್ಕೆ. ನಮ್ಮ ಚೇಳೂರಿನಲ್ಲಿ ಕಾಯಿ ಅನ್ನುವುದು ನೀರಿದ್ದ ಹಾಗೆ, ಎಷ್ಟು ಹಾಕಿದೆ ಅಂತ ಯಾರೂ ನೋಡುವುದಿಲ್ಲ. ಮಂಜುಳ ಚಮಚದಲ್ಲಿ ಅಳೆದು ಹಾಕುವವಳು. ಅವಳು ಮಾಡಿದ ಸಾರು ನನಗೆ ಸಪ್ಪೆ, ನಾನು ಮಾಡಿದ್ದು ಅವಳಿಗೆ ಗಂಜಿ.

ಒಂದು ಬೇಸಿಗೆ ಅವಳ ಅಪ್ಪ ಕುಣಿಗಲ್‌ನಿಂದ ಬಂದಿದ್ದರು. ಮಗುವಿಗೆ ಆಗ ಎರಡೂವರೆ. ಬೆಳಗ್ಗೆ ನಾನೇ ಬಸ್ಸಾರು ಮಾಡಿದ್ದೆ, ಬೀಗರು ಬಂದಿದ್ದಾರೆ ಅಂತ ಒಂದು ಕಾಯಿ ಪೂರ್ತಿ ರುಬ್ಬಿ ಹಾಕಿದ್ದೆ. ಸಾಯಂಕಾಲ ಮುದ್ದೆಯ ಜೊತೆ ಬಡಿಸಿದಾಗ ಸಾರು ಹಳಸಿತ್ತು. ಅವಳ ಅಪ್ಪ ಪಾಪ ಒಂದು ತುತ್ತು ನುಂಗಿ ಸುಮ್ಮನಿದ್ದರು. ಮಂಜುಳ ಸುಮ್ಮನಿರಲಿಲ್ಲ. ಕಾಯಿ ಸುರಿದರೆ ಇನ್ನೇನಾಗುತ್ತೆ, ಚೇಳೂರಿನವರ ತಲೆ ತುಂಬ ಕಾಯೇ ಎಂದಳು. ನಾನು ಅಷ್ಟಕ್ಕೆ ಬಿಡಬಹುದಿತ್ತು. ಬಿಡಲಿಲ್ಲ. ಕುಣಿಗಲ್ ಕಡೆಯವರಿಗೆ ಫಾರಂನಲ್ಲಿ ಕುದುರೆ ಸಾಕೋದು ಗೊತ್ತು, ಹೆಣ್ಣುಮಕ್ಕಳನ್ನ ಸಾಕೋದು ಗೊತ್ತಿಲ್ಲ ಎಂದೆ. ಅವಳ ಅಪ್ಪನ ಎದುರಿಗೇ. ಆ ಮನುಷ್ಯ ತಟ್ಟೆ ಮೆಲ್ಲಗೆ ಸರಿಸಿ, ಕೈ ತೊಳೆದು, ಕೊನೇ ಬಸ್ಸು ತಪ್ಪಿಹೋಗುತ್ತೆ ಎಂದು ಎದ್ದು ಹೋದರು. ಕೊನೇ ಬಸ್ಸಿಗೆ ಇನ್ನೂ ಎಷ್ಟೋ ಹೊತ್ತಿತ್ತು.

ಇನ್ನು ಈ ಒಲೆ ಮುಟ್ಟುವುದಿಲ್ಲ, ಈ ಅಡುಗೆಮನೆಯಲ್ಲಿ ಕಾಯಿ ತುರಿಯುವುದಿಲ್ಲ ಎಂದು ನಾನು ಈಳಿಗೆ ಮಡಚಿ, ಮಣೆಯನ್ನು ತಂದು ಅಡುಗೆಮನೆ ಬಾಗಿಲ ಪಕ್ಕ ಎಸೆದೆ. ಮಾರನೆಯ ದಿನದಿಂದ ಮಂಜುಳ ಕಾಯಿಯನ್ನು ಚೂರು ಮಾಡಿ ಮಿಕ್ಸಿಗೆ ಹಾಕತೊಡಗಿದಳು. ನನ್ನ ಜೊತೆ ಮಾತು ಬಿಟ್ಟಳು. ನಾನೂ ಬಿಟ್ಟೆ.

ಆದರೆ ಒಂದೇ ಸೂರಿನ ಕೆಳಗೆ ಇದ್ದವರಿಗೆ ಮಾತು ಬಿಡುವುದು ಅಷ್ಟು ಸುಲಭವಲ್ಲ. ಹಾಲಿನವನು ಬಂದ, ನಲ್ಲಿಯಲ್ಲಿ ನೀರು ಬಂತು, ಊಟ ರೆಡಿಯಾಯಿತು, ಇದನ್ನೆಲ್ಲ ಯಾರಾದರೂ ಯಾರಿಗಾದರೂ ಹೇಳಲೇಬೇಕು. ಮೊದಲ ದಿನ ಮಧ್ಯಾಹ್ನ ಮಂಜುಳ ಮಗುವಿಗೆ, “ಹೋಗು ಚೈತಿ, ನಿಮ್ಮಜ್ಜಿಗೆ ಊಟಕ್ಕೆ ಬರಕ್ಕೆ ಹೇಳು” ಎಂದಳು. ಅದು ತೂರಾಡಿಕೊಂಡು ಬಂದು ಬಾಗಿಲ ಪಕ್ಕದ ಮಣೆ ಹಿಡಿದು ನಿಂತು, “ಅಜ್ಜಿ, ಊಟ ಅಂತೆ” ಎಂದಿತು. ನನಗೆ ಎಷ್ಟು ಮುದ್ದು ಬಂತೆಂದರೆ ಎತ್ತಿಕೊಂಡು ಮುತ್ತು ಕೊಟ್ಟೆ. ಅದರ ಮೊದಲನೇ ‘ಅಂತೆ’ಗೆ ಬಹುಮಾನ ಕೊಟ್ಟವಳು ನಾನೇ.

ಇಲ್ಲಿ ನನ್ನ ಅತ್ತೆಯ ಸಂಗತಿ ಸ್ವಲ್ಪ ಹೇಳಬೇಕು. ನಾನು ಮದುವೆಯಾಗಿ ಚೇಳೂರಿಗೆ ಬಂದಾಗ ಅವರು ನನ್ನ ಹತ್ತಿರ ನೇರವಾಗಿ ಮಾತಾಡಿದ್ದೇ ಕಡಿಮೆ. ಹೇಳಬೇಕಾದ್ದನ್ನೆಲ್ಲ ಒರಳುಕಲ್ಲಿಗೆ ಹೇಳುತ್ತಿದ್ದರು. ‘ನೋಡವ್ವಾ ಒರಳೇ, ಹೊತ್ತು ನೆತ್ತಿಗೆ ಬಂದ್ರೂ ಕೆಲವರಿಗೆ ಇನ್ನೂ ಬೆಳಗಾಗಿಲ್ಲ’ ಎನ್ನುತ್ತಿದ್ದರು. ನಾನೇನು ಕಡಿಮೆಯವಳಲ್ಲ. ಕೊಟ್ಟಿಗೆಗೆ ಹೋಗಿ ಹಸುವಿನ ಬೆನ್ನು ಸವರುತ್ತ, ರಾತ್ರಿಯೆಲ್ಲ ಕೂಸು ಅತ್ತಿದ್ದು ಕೆಲವರಿಗೆ ಕೇಳಿಸಲೇ ಇಲ್ಲವಲ್ಲ ಗೌರಿ ಎನ್ನುತ್ತಿದ್ದೆ. ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಹೀಗೆ ಹತ್ತು ವರ್ಷ ಸಂಸಾರ ನಡೆಯಿತು. ಒರಳಿಗೂ ಏನೂ ಆಗಲಿಲ್ಲ, ಹಸುವಿಗೂ ಏನೂ ಆಗಲಿಲ್ಲ. ಹಾಲು ಕೊಡುವುದನ್ನು ಅದು ಒಂದು ಹೊತ್ತೂ ನಿಲ್ಲಿಸಲಿಲ್ಲ.

ತುಮಕೂರಿನ ಬಾಡಿಗೆ ಮನೆಯಲ್ಲಿ ಒರಳೂ ಇರಲಿಲ್ಲ, ಹಸುವೂ ಇರಲಿಲ್ಲ. ಇದ್ದದ್ದು ಮಗು.

ಚೈತ್ರ ಆ ಕೆಲಸ ಬಹಳ ಚೆನ್ನಾಗಿ ಕಲಿತಳು. ಮಣೆಯ ಮೇಲೆ, ಅಡುಗೆಮನೆಗೂ ಹಾಲಿಗೂ ನಡುವೆ ಕೂತಿರುತ್ತಿದ್ದಳು. ಈ ಕಡೆಯಿಂದ ಒಂದು ಮಾತು ಬಿದ್ದರೆ ಆ ಕಡೆಗೆ ತಿರುಗಿ ಒಪ್ಪಿಸುವುದು, ಆ ಕಡೆಯಿಂದ ಬಿದ್ದರೆ ಈ ಕಡೆಗೆ. ನಮ್ಮಿಬ್ಬರ ನಡುವೆ ಇದ್ದದ್ದು ಏಳೆಂಟು ಹೆಜ್ಜೆ. ಮಂಜುಳ ಹೇಳಿದ್ದು ನನಗೆ ಮೊದಲೇ ಕೇಳಿಸಿರುತ್ತಿತ್ತು. ಆದರೂ ಮಗು ಬಂದು ಹೇಳುವವರೆಗೆ ಕೇಳಿಸದವಳ ಹಾಗೆ ಅಕ್ಕಿ ಆರಿಸುತ್ತ ಕೂತಿರುತ್ತಿದ್ದೆ. ಅವಳೂ ಹಾಗೇ. ಒಂದು ದಿನ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಮಂಜುಳ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾನು ಒಲೆ ಮುಟ್ಟುವ ಹಾಗಿಲ್ಲ, ಕೂಗುವ ಹಾಗೂ ಇಲ್ಲ. “ಚೈತೀ, ಹಾಲು ಉಕ್ತಾ ಐತೆ ಅಂತ ನಿಮ್ಮಮ್ಮಂಗೆ ಹೇಳೇ” ಎಂದೆ. ಮಗು ಚಪ್ಪಲಿ ಹುಡುಕಿ, ಎಡಗಾಲಿನದು ಬಲಗಾಲಿಗೆ ಹಾಕಿ, ತೆಗೆದು ಮತ್ತೆ ಹಾಕಿ ಹೋಯಿತು. ಅಷ್ಟರಲ್ಲಿ ಅರ್ಧ ಲೀಟರ್ ಹಾಲು ಕಟ್ಟೆಯಿಂದ ಇಳಿದು ನೆಲಕ್ಕೆ ಬಂದಿತ್ತು. ನಾನು ನೋಡುತ್ತ ನಿಂತಿದ್ದೆ. ಹಟ ಅನ್ನುವುದು ಎಂಥ ದರಿದ್ರದ್ದು ನೋಡಿ.

ಮಗು ಎಲ್‌ಕೆಜಿಗೆ ಹೋಗಲು ಶುರುವಾದ ಮೇಲೆ ಬೆಳಗಿನ ಹೊತ್ತು ನಮ್ಮ ಮನೆಯಲ್ಲಿ ಮಾತೇ ಇರಲಿಲ್ಲ. ಹೇಳಬೇಕಾದ್ದನ್ನೆಲ್ಲ ಇಬ್ಬರೂ ಹೊಟ್ಟೆಯಲ್ಲಿ ಕೂಡಿಟ್ಟುಕೊಂಡಿರುತ್ತಿದ್ದೆವು. ಅವಳು ಬಂದು ಬ್ಯಾಗು ಇಳಿಸುವುದಕ್ಕೆ ಮುಂಚೆಯೇ ಇತ್ತಕಡೆಯಿಂದ ನಾಲ್ಕು, ಅತ್ತಕಡೆಯಿಂದ ಐದು. ಲೋಕೇಶ ಇದನ್ನು ತಮಾಷೆ ಮಾಡಿಕೊಂಡಿದ್ದ. ‘ಇವತ್ತು ಎಷ್ಟು ಕಾಗದ ಬಂದ್ವು ಪೋಸ್ಟ್ ಮಾಸ್ಟ್ರೇ?’ ಎಂದು ಮಗಳನ್ನು ಕೇಳುತ್ತಿದ್ದ. ನಮ್ಮಿಬ್ಬರಲ್ಲಿ ಯಾರಿಗೂ ಒಂದು ಮಾತು ಹೇಳಿದವನಲ್ಲ. ಕೇಳಿ ಕೇಳಿ ಎರಡನೇ ಶಿಫ್ಟ್ ಹಾಕಿಸಿಕೊಳ್ಳುತ್ತಿದ್ದ. ಅವನನ್ನೂ ಬೈಯುವ ಹಾಗಿಲ್ಲ. ಚಿಕ್ಕವನಿದ್ದಾಗ ನಾನು ಹಸುವಿಗೆ, ನನ್ನ ಅತ್ತೆ ಒರಳಿಗೆ ಹೇಳತೊಡಗಿದರೆ ಅವನು ತೋಟಕ್ಕೆ ಓಡುತ್ತಿದ್ದ. ಎಲ್ಲ ತಣ್ಣಗಾದ ಮೇಲೆ ಬರುತ್ತಿದ್ದ. ಆಗ ತೋಟ, ಈಗ ಶಿಫ್ಟು.

ಮಗುವಿನ ಮಾತಿನಲ್ಲಿ ಏನೋ ಹೆಚ್ಚುಕಮ್ಮಿ ಇದೆ ಎಂದು ನಮಗೆ ಗೊತ್ತೇ ಆಗಲಿಲ್ಲ. ಏನು ಹೇಳಿದರೂ ಕೊನೆಯಲ್ಲಿ ಅಂತೆ. ‘ನಿದ್ದೆ ಬರುತ್ತಂತೆ.’ ‘ಬಿಸ್ಕತ್ ಬೇಕಂತೆ.’ ‘ನಾನು’ ಅನ್ನುವುದು ಅದರ ಬಾಯಲ್ಲಿ ಇರಲೇ ಇಲ್ಲ. ನಾವು ಅದನ್ನೂ ಮುದ್ದು ಎಂದುಕೊಂಡೆವು. ಬಂದವರ ಮುಂದೆ ಕರೆದು ನಿಲ್ಲಿಸಿ, ನಿನ್ನ ಹೆಸರೇನು ಹೇಳೇ ಎಂದು ಕೇಳುವುದು, ಅದು ‘ಚೈತ್ರ ಅಂತೆ’ ಅನ್ನುವುದು, ಎಲ್ಲರೂ ನಗುವುದು.

ಯುಕೆಜಿ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಸ್ಕೂಲಿನಿಂದ ಬಂದವಳು ಮಣೆಯ ಮೇಲೆ ಕೂತು ನನಗೆ ಹೇಳಿದಳು: “ಅಜ್ಜಿ, ನೀನು ಓಂಕಾಳು ನೀರು ಕುಡೀಬೇಕಂತೆ.”

“ನಂಗ್ಯಾಕೇ? ಯಾರಂದ್ರು?”

“ಮಿಸ್ಸು. ಹೊಟ್ಟೆ ನೋವಿಗೆ ಒಳ್ಳೇದಂತೆ.”

ನನಗೆ ಹೊಟ್ಟೆನೋವು ಅಂತ ಮಿಸ್ಸಿಗೆ ಯಾರು ಹೇಳಿದರು ಎಂದು ಯೋಚಿಸುತ್ತ ಅದರ ಕೈ ಹಿಡಿದೆ. ಕಾದ ಹೆಂಚು ಮುಟ್ಟಿದ ಹಾಗಾಯಿತು. ಕಣ್ಣು ಕೆಂಪಗಿತ್ತು. ಯೂನಿಫಾರಂ ಮುಂಭಾಗವೆಲ್ಲ ವಾಂತಿ ಮಾಡಿಕೊಂಡು ಒರೆಸಿದ ಕಲೆ. ಎತ್ತಿಕೊಳ್ಳಲು ಹೋದರೆ ಹೊಟ್ಟೆ ಹಿಡಿದು ಮುದುಡಿಕೊಂಡಿತು.

ಆಮೇಲೆ ಗೊತ್ತಾಯಿತು. ಬೆಳಗ್ಗೆ ಅದು ಟೀಚರ ಹತ್ತಿರ ಹೋಗಿ “ಮಿಸ್, ಹೊಟ್ಟೆ ನೋಯುತ್ತಂತೆ” ಎಂದಿದೆ. ಯಾರಿಗಂತೆ ಎಂದು ಕೇಳಿದ್ದಾರೆ. ಸುಮ್ಮನೆ ನಿಂತಿದೆ. ಮನೆಯಲ್ಲಿ ಅಜ್ಜಿಗಾ ಎಂದು ಕೇಳಿದ್ದಾರೆ. ಅದು ತಲೆಯಾಡಿಸಿದೆ. ಹಾಗಾದರೆ ಓಂಕಾಳು ನೀರು ಕುಡಿಯೋಕೆ ಹೇಳು ಎಂದು ಅವರು ಬೋರ್ಡಿನ ಕಡೆ ತಿರುಗಿದ್ದಾರೆ. ಅವರದೇನು ತಪ್ಪು? ಕನ್ನಡ ಬಲ್ಲವರು ಯಾರಾದರೂ ಹಾಗೇ ತಿಳಿಯುತ್ತಾರೆ. ಮಗು ಹೋಗಿ ಬೆಂಚಿನ ಮೇಲೆ ಕೂತು, ಸ್ಕೂಲು ಬಿಡುವವರೆಗೆ ಆ ನೋವನ್ನು ಯಾರದೋ ನೋವಿನ ಹಾಗೆ ಹೊತ್ತುಕೊಂಡು, ಹೇಳಿದ ಔಷಧಿಯನ್ನು ತಪ್ಪದೆ ನನಗೆ ತಂದು ಒಪ್ಪಿಸಿತು.

ಜ್ವರ ಮೂರು ದಿನಕ್ಕೆ ಇಳಿಯಿತು. ನಾಲ್ಕನೇ ದಿನ ಟೀಚರು ಮಂಜುಳಳನ್ನು ಕರೆಸಿದರು. ಈ ಮಗುವಿಗೆ ತನ್ನದು ಯಾವುದು ಬೇರೆಯವರದು ಯಾವುದು ತಿಳಿಯುತ್ತಿಲ್ಲ, ಕಿವಿಯದೋ ತಲೆಯದೋ ತೊಂದರೆ ಇರಬಹುದು, ಡಾಕ್ಟರಿಂದ ಕಾಗದ ತಂದರೆ ಮಾತ್ರ ಒಂದನೇ ಕ್ಲಾಸು, ಇಲ್ಲವಾದರೆ ಬೇರೆ ಥರದ ಶಾಲೆ ನೋಡಿಕೊಳ್ಳಿ ಎಂದರಂತೆ. ಮಂಜುಳ ಮನೆಗೆ ಬಂದು ಇದನ್ನು ನನಗೆ ಹೇಳಬೇಕಿತ್ತು. ಹೇಗೆ ಹೇಳುವುದು? ಮಗುವಿನ ವಿಷಯವನ್ನು ಮಗುವಿನ ಕೈಯಲ್ಲೇ ಹೇಳಿಸಿದಳು. “ಅಜ್ಜಿ, ತಲೆ ಸರಿಯಿಲ್ವಂತೆ. ಬೇರೆ ಸ್ಕೂಲಂತೆ” ಎಂದು ಅದು ಮಣೆಯ ಮೇಲೆ ಕೂತು ಹೇಳಿತು. ಯಾರದು ತಲೆ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಾಯಿತು. ಅದಕ್ಕೆ ಗೊತ್ತಾಗಲಿಲ್ಲ.

ಅವತ್ತು ನನಗೆ ಹೆದರಿಕೆಯಾಯಿತು. ನಾನು ಹಾವು ಹೊಡೆದಿದ್ದೇನೆ, ಹೆರಿಗೆ ಮಾಡಿಸಿದ್ದೇನೆ, ಹೆದರುವವಳಲ್ಲ. ಅವತ್ತು ಹೆದರಿದೆ.

ಹೆದರಿದವರು ಮಾಡುವುದನ್ನೆಲ್ಲ ಮಾಡಿದೆವು. ಅದೂ ಒಟ್ಟಿಗೆ ಅಲ್ಲ, ಬೇರೆ ಬೇರೆ. ನಾನು ಮಗುವನ್ನು ಬಸ್ಸು ಹತ್ತಿಸಿಕೊಂಡು ಗುಬ್ಬಿಯಲ್ಲಿದ್ದ ನನ್ನ ಅಕ್ಕನ ಮನೆಗೆ ಹೋದೆ. ಅವಳು ಬಜೆ ತೇಯ್ದು ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸಿದಳು. ಖಾರಕ್ಕೆ ಮಗುವಿನ ಕಣ್ಣಲ್ಲಿ ನೀರು ಬಂತು. ಹೆಂಗೈತೇ ಎಂದರೆ ‘ಖಾರ ಅಂತೆ’ ಎಂದಿತು. ಮುಂದಿನ ಭಾನುವಾರ ಮಂಜುಳ ಕುಣಿಗಲ್‌ಗೆ ಕರೆದುಕೊಂಡು ಹೋಗಿ ತಾಯತ ಕಟ್ಟಿಸಿಕೊಂಡು ಬಂದಳು. ಅದರ ದಾರ ಬಿಗಿಯಾಗಿ ತೋಳಿನಲ್ಲಿ ಗಾಯವಾಯಿತು. ಗಾಯ ಆಗಿದೆ ಅಂತಲೂ ಅದು ಹೇಳಲಿಲ್ಲ. ಸ್ನಾನ ಮಾಡಿಸುವಾಗ ನಾನೇ ಕಂಡೆ.

ಈಗ ಇದನ್ನು ಬರೆಯುವಾಗ ನಗು ಬರುತ್ತದೆ, ಯಾಕೆಂದರೆ ಅದೇ ಚೈತ್ರ ಈಗ ಪಿಯುಸಿಯಲ್ಲಿದ್ದಾಳೆ. ಬಾಯಿ ಮುಚ್ಚುವುದಿಲ್ಲ. ಆಟೋದವನ ಜೊತೆ ಜಗಳ, ಅಪ್ಪನ ಜೊತೆ ಜಗಳ, ಟಿವಿಯಲ್ಲಿ ಸುದ್ದಿ ಓದುವವರ ಜೊತೆಗೂ ಜಗಳ. ‘ನನ್ನ ಪ್ರಕಾರ ಏನಂದ್ರೆ ಅಜ್ಜಿ’ ಎಂದು ಶುರು ಮಾಡಿದಳೆಂದರೆ ನಾನು ಕಿವಿಗೆ ಸೆರಗು ಕಟ್ಟಿಕೊಳ್ಳಬೇಕು. ನಿನ್ನ ಪ್ರಕಾರ ನಿನ್ನ ಹತ್ತಿರ ಇಟ್ಕೋ ಎನ್ನುತ್ತೇನೆ. ಬಾಯಲ್ಲಿ ಹಾಗನ್ನುತ್ತೇನೆ, ಅಷ್ಟೇ.

ಕೊನೆಗೆ ಲೋಕೇಶನೇ ಯಾರನ್ನೋ ವಿಚಾರಿಸಿ ಮಕ್ಕಳ ಡಾಕ್ಟರೊಬ್ಬರ ಹತ್ತಿರ ಹೆಸರು ಬರೆಸಿದ. ಹೆಂಗಸು, ನಡುವಯಸ್ಸಿನವರು. ಕರೆದುಕೊಂಡು ಹೋಗು ಎಂದರೆ ಅವನಿಗೆ ಅವತ್ತೂ ಶಿಫ್ಟು. ಮಂಜುಳ ಮಗುವನ್ನು ಹಿಡಿದು ಹೊರಟಳು. ನಾನೂ ಸೀರೆ ಬದಲಾಯಿಸಿ ಹಿಂದೆ ಹೊರಟೆ. ಯಾರೂ ಬಾ ಅನ್ನಲಿಲ್ಲ, ಯಾರೂ ಬೇಡ ಅನ್ನಲಿಲ್ಲ.

ಡಾಕ್ಟರು ಮೊದಲು ಮಗುವಿನ ಕಿವಿ ನೋಡಿದರು, ಗಂಟಲು ನೋಡಿದರು. ಆಮೇಲೆ ನಮ್ಮಿಬ್ಬರನ್ನೂ ಹೊರಗೆ ಬೆಂಚಿನ ಮೇಲೆ ಕೂರಲು ಹೇಳಿದರು. ನಾನು ಬೆಂಚಿನ ಈ ತುದಿ, ಅವಳು ಆ ತುದಿ. ನಡುವೆ ಒಬ್ಬರು ಕೂರುವಷ್ಟು ಜಾಗ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಚೈತ್ರ ಬಂದು ಆ ಜಾಗದ ಮುಂದೆ ನಿಂತಳು.

“ಇಡ್ಲಿ ಇಷ್ಟವಾ ದೋಸೆ ಇಷ್ಟವಾ ಅಂತ ಡಾಕ್ಟ್ರು ಕೇಳ್ತಾವ್ರೆ. ಯಾವ್ದು ಅಂತ ಹೇಳ್ಲಿ?”

ನಾನು ಇಡ್ಲಿ ಅನ್ನು ಎಂದೆ. ಅದೇ ಉಸಿರಿನಲ್ಲಿ ಮಂಜುಳ ದೋಸೆ ಎಂದಳು. ಮಗು ನನ್ನ ಮುಖ ನೋಡಿತು, ಅವಳ ಮುಖ ನೋಡಿತು.

“ಹೇಳೇ ನಿಮ್ಮಮ್ಮಂಗೆ, ನೀನು ದೋಸೆ ತಿಂದಿದ್ದ ನಾನು ಒಂದ್ ದಿನಾನೂ ಕಂಡಿಲ್ಲ ಅಂತ” ಎಂದೆ.

“ಅಮ್ಮಾ, ದೋಸೆ ತಿಂದಿದ್ದ ಕಂಡೇ ಇಲ್ವಂತೆ.”

“ನಿಮ್ಮಜ್ಜಿಗೆ ಹೇಳು, ಡಾಕ್ಟ್ರು ಕೇಳಿದ್ದು ಅವರನ್ನಲ್ಲ ಅಂತ” ಎಂದಳು ಮಂಜುಳ.

“ಅಜ್ಜೀ, ನಿನ್ನ ಕೇಳಿದ್ದಲ್ವಂತೆ.”

ತಲೆ ಎತ್ತಿ ನೋಡಿದರೆ ಡಾಕ್ಟರು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಮಗುವನ್ನು ಅಲ್ಲೇ ಇದ್ದ ನರ್ಸಿಗೆ ಒಪ್ಪಿಸಿ ನಮ್ಮಿಬ್ಬರನ್ನೂ ಒಳಗೆ ಕರೆದರು. ಮನೆಯಲ್ಲಿ ಎಷ್ಟು ದಿನದಿಂದ ಹೀಗೆ ನಡೆಯುತ್ತಿದೆ ಎಂದು ಕೇಳಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಮಂಜುಳ ತನ್ನ ಬಳೆ ನೋಡಿಕೊಂಡಳು. ಆಮೇಲೆ ಅವಳೇ ಮೂರು ವರ್ಷ ಎಂದಳು.

“ನಿಮ್ಮ ಮಗೂಗೆ ಏನೂ ಇಲ್ಲ” ಎಂದರು ಡಾಕ್ಟರು. “ಕಿವಿ ಚೆನ್ನಾಗಿದೆ. ಬುದ್ಧಿ ಬಹಳ ಚೆನ್ನಾಗಿದೆ. ಬುದ್ಧಿ ಕಮ್ಮಿ ಇದ್ದಿದ್ರೆ ಇಬ್ಬರ ಮಾತೂ ಇಷ್ಟು ನೀಟಾಗಿ ಒಪ್ಪಿಸ್ತಿದ್ಲಾ? ಆದ್ರೆ ಅವಳ ಬಾಯಿ ನಿಮ್ಮಿಬ್ಬರಿಗೇ ಸಾಲ್ತಾ ಇಲ್ಲ. ಅವಳಿಗೆ ಎಲ್ಲಿಂದ ಉಳೀಬೇಕು? ಇಡ್ಲಿ ಇಷ್ಟವಾ ದೋಸೆ ಇಷ್ಟವಾ ಅಂದ್ರೆ, ತಾಳಿ ಕೇಳ್ಕಂಡು ಬತ್ತೀನಿ ಅಂತ ಎದ್ದು ಬರ್ತಾಳೆ.”

“ತಲೆ ಕೆಟ್ಟಿಲ್ಲ ತಾನೇ?” ಎಂದೆ. ಇನ್ನೊಂದು ಸಲ ಕೇಳಬೇಕು ಅನಿಸಿತು.

“ಮಗೂದು ಕೆಟ್ಟಿಲ್ಲ ಅಜ್ಜಿ” ಎಂದರು.

ಔಷಧಿ ಬರೆಯಲಿಲ್ಲ. ಸ್ಕೂಲಿಗೆ ಒಂದು ಕಾಗದ ಬರೆದುಕೊಟ್ಟರು, ಮಗು ಸರಿಯಾಗಿದೆ, ಒಂದನೇ ಕ್ಲಾಸಿಗೆ ಸೇರಿಸಿಕೊಳ್ಳಿ ಎಂದು. ನಮಗೆ ಒಂದೇ ಪಥ್ಯ ಹೇಳಿದರು: ಇವತ್ತಿನಿಂದ ಮಗುವಿನ ಕೈಯಲ್ಲಿ ಒಂದು ಮಾತೂ ಕಳಿಸಬಾರದು. ಹಾಗಲಕಾಯಿ ಕಷಾಯವನ್ನು ದಿನಕ್ಕೆ ಮೂರು ಹೊತ್ತು ಕುಡಿ ಎಂದಿದ್ದರೆ ಇದಕ್ಕಿಂತ ಸಲೀಸಾಗಿ ಒಪ್ಪಿಕೊಳ್ಳುತ್ತಿದ್ದೆ.

ಹೊರಗೆ ಬಂದು ಮೆಟ್ಟಿಲು ಇಳಿಯುವಾಗ ನಾನು ಅಲ್ಲೇ ಕೂತುಬಿಟ್ಟೆ. ಒಂದು ತಿಂಗಳಿಂದ ಎದೆಯ ಮೇಲೆ ಕೂತಿದ್ದ ರುಬ್ಬುಗುಂಡು ಇಳಿದುಹೋಗಿತ್ತು. ಅಳು ಬರಲಿಲ್ಲ, ಹಸಿವಾಯಿತು. ಹಸಿವೆಂದರೆ ಎಂಥ ಹಸಿವು! ಆ ಒಂದು ತಿಂಗಳು ಏನು ತಿಂದಿದ್ದೆನೋ ಒಂದೂ ನೆನಪಿಲ್ಲ. ಮಂಜುಳ ಎರಡು ಮೆಟ್ಟಿಲು ಮೇಲೆ ನಿಂತು ಆ ಕಾಗದವನ್ನು ಓದುತ್ತಿದ್ದಳು. ಮಡಚುತ್ತಿದ್ದಳು, ಬಿಡಿಸುತ್ತಿದ್ದಳು, ಮತ್ತೆ ಓದುತ್ತಿದ್ದಳು. ಇದ್ದದ್ದು ಎರಡೇ ಸಾಲು.

ಶಿರಾ ಗೇಟಿನ ಹತ್ತಿರ ಒಂದು ಹೋಟೆಲಿಗೆ ಹೋದೆವು. ಮೊದಲು ಒಳಗೆ ಕಾಲಿಟ್ಟವಳು ನಾನು. ಅವಳು ಹಿಂದೆ ಬಂದಳು. ಸಪ್ಲಯರ್ ಬಂದು ನೀರಿಟ್ಟ. ನನಗೆ ಇಡ್ಲಿ ಎಂದು ನಾನು ಹೇಳಿದೆ. ನನಗೆ ದೋಸೆ ಎಂದು ಅವಳು ಹೇಳಿದಳು. ಪಾಪೂಗೆ ಏನು ಎಂದು ಅವನು ಕೇಳಿದ.

ಚೈತ್ರ ನನ್ನ ಮುಖ ನೋಡಿದಳು. ನಾನು ತುಟಿ ಕಚ್ಚಿಕೊಂಡು ಗೋಡೆಯ ಬೋರ್ಡು ಓದಿದೆ. ಅಮ್ಮನ ಮುಖ ನೋಡಿದಳು. ಅವಳು ಲೋಟದ ನೀರು ಕುಡಿಯುತ್ತಲೇ ಇದ್ದಳು, ಲೋಟ ಯಾವಾಗಲೋ ಖಾಲಿಯಾಗಿತ್ತು. ಸಪ್ಲಯರ್‌ಗೆ ಅವಸರ. ಇನ್ನೆರಡು ಟೇಬಲ್ಲಿನವರು ಕೂಗುತ್ತಿದ್ದರು. ಇಡ್ಲಿ ಕೊಡು ಎನ್ನುವುದು ನನ್ನ ಗಂಟಲ ತನಕ ಬಂದಿತ್ತು. ಅದನ್ನು ನುಂಗಿದ್ದು ನನ್ನ ಜೀವಮಾನದ ದೊಡ್ಡ ಕೆಲಸ. ಮೂರು ಹೆತ್ತಾಗಲೂ ಇಷ್ಟು ಕಷ್ಟಪಟ್ಟಿರಲಿಲ್ಲ.

“ಪೂರಿ ಬೇಕಂತೆ” ಎಂದಳು.

“ಯಾರಿಗಮ್ಮಾ?” ಎಂದ ಸಪ್ಲಯರ್. ಅವನಿಗೇನು ಗೊತ್ತು, ಮಾಮೂಲಾಗಿ ಕೇಳಿದ.

ಮಗು ತಡವರಿಸಿತು. ಹಿಂದೆ ಮುಂದೆ ನೋಡಿತು. ಆಮೇಲೆ, ಬಹಳ ಸಣ್ಣಗೆ, “ನಂಗೆ” ಎಂದಿತು.

ಪೂರಿ. ಇಡ್ಲಿಯೂ ಅಲ್ಲ, ದೋಸೆಯೂ ಅಲ್ಲ. ಮೂರು ವರ್ಷ ನಮ್ಮಿಬ್ಬರ ನಡುವೆ ಕೂತು ಅದಕ್ಕೆ ಬೇಕಾಗಿದ್ದದ್ದು ಪೂರಿ. ಬಂದ ಎರಡು ಪೂರಿಯಲ್ಲಿ ಒಂದೂವರೆ ತಿಂದಿತು, ಪಲ್ಯವನ್ನು ಬೆರಳಿನಲ್ಲಿ ಬಳಿದು ನೆಕ್ಕಿತು. ಉಳಿದ ಅರ್ಧ ನಾನು ತಿಂದೆ. ಎಣ್ಣೆ ಎಣ್ಣೆ. ಆದರೂ ಅಷ್ಟು ರುಚಿಯಾದ ಪೂರಿ ಆಮೇಲೆ ನಾನು ಎಲ್ಲೂ ತಿಂದಿಲ್ಲ.

ಆದರೆ ನಾವಿಬ್ಬರೂ ಮಾತಾಡಲಿಲ್ಲ. ಎಲ್ಲ ಆದ ಮೇಲೂ ಆಡಲಿಲ್ಲ. ಮನೆಗೆ ಬಂದು ಬಾಗಿಲು ತೆಗೆದೆವು. ಮಗು ಅಭ್ಯಾಸದಂತೆ ಹೋಗಿ ಮಣೆಯ ಮೇಲೆ ಕೂತಿತು, ಈ ಕಡೆಗೊಮ್ಮೆ ಆ ಕಡೆಗೊಮ್ಮೆ ನೋಡಿತು. ಏನೂ ಬರಲಿಲ್ಲ. ಕಳಿಸುವ ಹಾಗಿಲ್ಲ, ನೇರ ಆಡಲು ಬಾಯಿ ಬಾರದು. ಮೂರು ವರ್ಷ ತೆಗೆಯದ ಬಾಗಿಲು ಒಂದೇ ಸಲ ತಳ್ಳಿದರೆ ತೆರೆಯುತ್ತದೆಯೇ? ಸಾಯಂಕಾಲ ಊಟಕ್ಕೆ ತಟ್ಟೆ ಇಟ್ಟ ಸದ್ದು ಕೇಳಿ ನಾನೇ ಎದ್ದು ಹೋದೆ. ಸಾರು ಬೇಕಾ ಎಂದು ಅವಳು ಕೇಳಲಿಲ್ಲ, ಸೌಟು ಎತ್ತಿ ತೋರಿಸಿದಳು. ಸಾಕು ಎಂದು ನಾನು ಕೈ ಅಡ್ಡ ಹಿಡಿದೆ. ಲೋಕೇಶ ಬಂದವನು ಮನೆ ಇಷ್ಟು ನಿಶ್ಶಬ್ದವಾಗಿದ್ದನ್ನು ಕಂಡು, ಡಾಕ್ಟರು ಏನಂದರು ಎಂದು ಕೇಳಲೂ ಹೆದರಿ ಬಾಗಿಲಲ್ಲೇ ನಿಂತ. ಮಂಜುಳ ಕಾಗದ ಕೊಟ್ಟಳು. ಅವನು ಓದಿ, ಮಗಳನ್ನು ಎತ್ತಿಕೊಂಡು ಹೊರಗೆ ಹೋಗಿ, ಬಹಳ ಹೊತ್ತು ರಸ್ತೆಯಲ್ಲಿ ತಿರುಗಾಡಿಸಿಕೊಂಡು ಬಂದ.

ಮಾರನೆಯ ದಿನ ಬೆಳಗ್ಗೆ ಎದ್ದು ಮುಖ ತೊಳೆದು ಬಂದೆ. ಅಡುಗೆಮನೆಯಲ್ಲಿ ಮಂಜುಳ ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತಿದ್ದಳು. ಮಗು ಆಗಲೇ ಎದ್ದು ಮಣೆಯ ಮೇಲೆ ಕೂತಿತ್ತು, ಕಣ್ಣಲ್ಲಿ ಇನ್ನೂ ನಿದ್ದೆ.

“ಏಳೇ, ನನ್ ಮಣೆ ಕೊಡು” ಎಂದೆ.

ಎದ್ದಿತು. ಮಣೆಯನ್ನು ಎತ್ತಿ ಅಡುಗೆಮನೆಯ ಒಳಗೆ, ಒಲೆಯ ಕಟ್ಟೆಯ ಕೆಳಗೆ ತಂದು ಹಾಕಿಕೊಂಡೆ. ಮಡಚಿದ್ದ ಈಳಿಗೆಯನ್ನು ಬಿಡಿಸಿದೆ. ತುಕ್ಕು ಹಿಡಿದಿತ್ತು. ಸೆರಗಿನಿಂದ ಒರೆಸಿದೆ. ಬುಟ್ಟಿಯಿಂದ ಒಂದು ಚೇಳೂರಿನ ಕಾಯಿ ತೆಗೆದು ಒಡೆದು, ನೀರನ್ನು ಲೋಟಕ್ಕೆ ಬಗ್ಗಿಸಿ, ಕೂತೆ. ಮಂಜುಳ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದ್ದಳು.

“ಕಾಯಿ ಎಷ್ಟು ತುರೀಲಿ?” ಎಂದು ಕೇಳಿದೆ.

ಬಾಗಿಲಲ್ಲಿ ನಿಂತಿದ್ದ ಮಗು ತಟ್ಟನೆ ಅಮ್ಮನ ಕಡೆ ತಿರುಗಿ, “ಅಮ್ಮಾ, ಕಾಯಿ ಎಷ್ಟು...” ಎಂದು ಶುರು ಮಾಡಿತು.

“ನಿನ್ನ ಕೈಲಿ ಕೇಳಿಸ್ಲಿಲ್ಲ ಕಣೇ. ನಾನೇ ಕೇಳ್ದೆ. ನೀನ್ ಹೋಗು, ಆಡ್ಕೋ ಹೋಗು” ಎಂದೆ.

ಅದು ಒಂದು ಗಳಿಗೆ ನಿಂತಿತು. ಆಮೇಲೆ ಹಿತ್ತಿಲಿಗೆ ಓಡಿತು. ನಲ್ಲಿಯ ಹತ್ತಿರ ಏನನ್ನೋ ದಡಬಡ ಬೀಳಿಸಿದ ಸದ್ದು ಕೇಳಿಸಿತು.

“ಅರ್ಧ ಸಾಕು ಅತ್ತೆ” ಎಂದಳು ಮಂಜುಳ.

ನಾನು ಮುಕ್ಕಾಲು ತುರಿದೆ.